ಅವ್ವನ್ನ ಕಾಶಿಗೆ ವಿಮಾನದಾಗ ಕರ್ಕೊಂಡ್ ಹೊಂಟೇನಿ, ಟಿಕೆಟ್‌ನ್ಯಾಗ ಒಂದ್ ಹೆಸರು, ಆಧಾರ್‌ನ್ಯಾಗ ಒಂದ್ ಹೆಸರು. ಒಳಗ ಬಿಡ್ತಾರೇನ್ರಿ?

ಗದಗಿನ ಹುಡುಗ

ಎಲ್ಲಾರಿಗೂ ನಮಸ್ಕಾರ್ರೀ. ನಂದು ರೋಣ ಕಡೆ ಊರು, ಪೀಣ್ಯಾದಾಗ ಒಂದು ಕಂಪನ್ಯಾಗ ಕೆಲ್ಸ. ನಮ್ಮವ್ವಗ ಈಗ 68, ಕಾಶಿಗೆ ಹೋಗಬೇಕು ಅಂತ ನಾ ಸಣ್ಣಾಂವ ಇದ್ದಾಗಿಂದ ಅನಕೋತ ಬಂದಾಳ, ರೈಲಿನ್ಯಾಗ ಎರಡು ದಿನ ಕೂಡಾಕ ಆಕಿ ಮೊಣಕಾಲು ಕೇಳಂಗಿಲ್ಲ, ಅದಕ್ಕ ಈ ಸಲ ಧೈರ್ಯ ಮಾಡಿ ಬೆಂಗಳೂರಿಂದ ವಾರಾಣಸಿಗೆ ಫ್ಲೈಟ್ ಟಿಕೆಟ್ ತಗಸೇ ಬಿಟ್ಟೆ. ಜೋಡಿ ಚಿಗವ್ವ, ಅಕ್ಕ, ಅಕ್ಕನ ಎರಡು ಮಕ್ಕಳು, ದೊಡ್ಡಾಂವ ಏಳು ವರ್ಷದಾಂವ, ಸಣ್ಣಾಕಿಗೆ ಇನ್ನೂ ಹದಿನಾಲ್ಕು ತಿಂಗಳು. ನನ್ನ ಬಿಟ್ರ ಯಾರೂ ವಿಮಾನ ಹತ್ತಿದವರಲ್ಲ, ನಾನೂ ಹತ್ತಿದ್ದು ಒಂದ್ ಸಲ, ಅದೂ ಕಂಪನಿಯವರೇ ಎಲ್ಲಾ ಮಾಡಿ ಕೈಯಾಗ ಕೊಟ್ಟಿದ್ರು.

ಈಗ ತ್ರಾಸ ಏನಂದ್ರ, ರಾತ್ರಿ ಹನ್ನೆರಡಕ್ಕ ಆಫರ್ ಐತಿ ಅಂತ ಒಂದು ಟ್ರಾವೆಲ್ ಆ್ಯಪಿನ್ಯಾಗ ಗಡಿಬಿಡಿಲೇ ಬುಕ್ ಮಾಡಿದೆ. ಫಸ್ಟ್ ನೇಮ್ ಹಾಕಿದ್ರ ಲಾಸ್ಟ್ ನೇಮ್ ಹಾಕು ಅಂತ ಕೆಂಪ ಅಕ್ಷರದಾಗ ಬಂತು, ನಮ್ಮವ್ವಗ ಎಲ್ಲೀ ಲಾಸ್ಟ್ ನೇಮ್ರೀ, ಅಪ್ಪನ ಹೆಸರು ಮಲ್ಲಪ್ಪ ಅಂತ 'ಶಾಂತಾ ಎಂ' ಅಂತ ಹಾಕಿ ಬಿಟ್ಟೆ. ಮರುದಿನ ಊರಿಗೆ ಫೋನ್ ಮಾಡಿ ಆಧಾರ್ ಫೋಟೋ ತರಿಸಿ ನೋಡಿದ್ರ ಅದರಾಗ 'ಶಾಂತವ್ವ' ಅಂತ ಒಂದೇ ಶಬ್ದ ಐತಿ, ವೋಟರ್ ಕಾರ್ಡಿನ್ಯಾಗ 'ಶಾಂತಮ್ಮ'. ಮೂರು ಕಡೆ ಮೂರು ಹೆಸರು. ಆಕಿಗೆ ಹೇಳಿದ್ರ "ಯಾವ ಹೆಸರಿಲೆ ಕರದ್ರೂ ಓ ಅಂತೇನಿ ಬಿಡೋ" ಅಂತಾಳ.

ಚಿಗವ್ವಂದು ಇನ್ನೊಂದು ಕಥಿ. ಒರಿಜಿನಲ್ ಆಧಾರ್ ಸಂತ್ಯಾಗ ಕಳಕೊಂಡಾಳ, ಕಲರ್ ಜೆರಾಕ್ಸ್ ತಗಸಿ ಲ್ಯಾಮಿನೇಷನ್ ಮಾಡಿಸಿ ಇಟ್ಕೊಂಡಾಳ, ನಂಬರ್ ಲಿಂಕ್ ಇಲ್ಲ. ರೇಷನ್ ಕಾರ್ಡ್ ಐತಿ, ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಐತಿ, ಅದರಾಗ ಫೋಟೋನೂ ಐತಿ. ವೋಟರ್ ಕಾರ್ಡ್ ತವರೂರಿನ್ಯಾಗ ಇತ್ತು, ಮದಿವಿ ಆದ ಮ್ಯಾಲೆ ಏನಾತು ಯಾರಿಗೂ ಗೊತ್ತಿಲ್ಲ. ಅಕ್ಕನ ಪಾನ್ ಕಾರ್ಡಿನ್ಯಾಗ ತವರುಮನಿ ಹೆಸರು, ಆಧಾರ್‌ನ್ಯಾಗ ಗಂಡನ ಮನಿ ಹೆಸರು. ಮಕ್ಕಳಿಗೆ ಏನು ಬೇಕು ಅನ್ನೂದಂತೂ ತಿಳೀವಲ್ದು. ಹೋಗೂದು ಇನ್ನೂ ಮೂರು ವಾರಕ್ಕ, ಟಿಕೆಟ್ ತಗಸಿ ನಾಲ್ಕು ದಿನ ಆತು. ತಿಳದವರು ಸ್ವಲ್ಪ ಹೇಳ್ರಿ, ಏರ್‌ಪೋರ್ಟಿನ ಬಾಗಲದಾಗ ನಿಂದ್ರಸಿ ಹೊಳ್ಳಿ ಕಳಿಸಿದ್ರ ಅವ್ವನ ಮುಖ ನೋಡೂ ಧೈರ್ಯ ನನಗಿಲ್ಲ.

ಕೌಂಟರ್ ಅಕ್ಕ

ಮೊದಲು ಗಾಬರಿ ಬಿಡಿ, ಮೂರು ವಾರ ಬೇಕಾದಷ್ಟಾಯ್ತು. ನಾನು ಒಂಬತ್ತು ವರ್ಷ ಚೆಕ್-ಇನ್ ಕೌಂಟರಲ್ಲಿ ನಿಂತವಳು, ಈಗ ಬಿಟ್ಟಿದೀನಿ. ಎಲ್ಲರೂ 'ಯಾವ ಕಾರ್ಡ್ ನಡೆಯುತ್ತೆ' ಅಂತಲೇ ಕೇಳ್ತಾರೆ, ಆದ್ರೆ ನನ್ನ ಕೌಂಟರ್ ಮುಂದೆ ಅತ್ತವರಲ್ಲಿ ಕಾರ್ಡ್ ಇಲ್ಲದೆ ಅತ್ತವರು ಕಮ್ಮಿ, ಕಾರ್ಡ್ ಕೈಲಿ ಹಿಡ್ಕೊಂಡೇ ಹೆಸರು ಹೊಂದದೆ ಅತ್ತವರೇ ಜಾಸ್ತಿ.

ಕಾರ್ಡಿನ ವಿಷಯ ಬೇಗ ಮುಗಿಸ್ತೀನಿ. ವಿಮಾನ ಭದ್ರತೆಯ ನಿಯಮ ಮಾಡೋದು ಬಿಸಿಎಎಸ್ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ, ಅವರು 2017ರಲ್ಲಿ ಒಂದು ಪಟ್ಟಿ ಹೊರಡಿಸಿದ್ರು, ಬಾಗಿಲಲ್ಲಿ ಕಾವಲಿಗೆ ನಿಂತಿರೋ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್‌ನವರು ನೋಡೋದು ಅದನ್ನೇ. ಪಾಸ್‌ಪೋರ್ಟ್, ವೋಟರ್ ಐಡಿ, ಆಧಾರ್ ಅಥವಾ ಎಂ-ಆಧಾರ್ (ಫೋನಲ್ಲಿರೋ ಆಧಾರ್ ಆ್ಯಪ್), ಪಾನ್, ಡಿಎಲ್ (ಡ್ರೈವಿಂಗ್ ಲೈಸೆನ್ಸ್), ಸರ್ಕಾರಿ ನೌಕರರ ಸರ್ವೀಸ್ ಕಾರ್ಡ್, ಸರ್ಕಾರಿ ಸಂಸ್ಥೆ ಕೊಟ್ಟ ಸ್ಟೂಡೆಂಟ್ ಐಡಿ, ಫೋಟೋ ಅಟೆಸ್ಟ್ ಆಗಿರೋ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್, ಫೋಟೋ ಇರೋ ಪೆನ್ಷನ್ ಕಾರ್ಡ್, ಅಂಗವಿಕಲರ ಫೋಟೋ ಐಡಿ. ಇಷ್ಟರಲ್ಲಿ ಯಾವುದಾದ್ರೂ ಒಂದು ಸಾಕು, ಆದ್ರೆ ಒರಿಜಿನಲ್ ಇರ್ಬೇಕು. ನೋಡಿ, ರೇಷನ್ ಕಾರ್ಡ್ ಈ ಪಟ್ಟಿಲಿಲ್ಲ, ನಮ್ಮ ಜನ ಅದನ್ನೇ ದೊಡ್ಡ ದಾಖಲೆ ಅಂದ್ಕೊಂಡು ತಂದುಬಿಡ್ತಾರೆ. ಪಾಸ್‌ಬುಕ್ ಅಂತ ಇದೆಯಲ್ಲ ಅಂದ್ರೆ, ಅದು ರಾಷ್ಟ್ರೀಕೃತ ಬ್ಯಾಂಕ್ ಅಂತ ಬರೆದಿದೆ, ಗ್ರಾಮೀಣ ಬ್ಯಾಂಕ್ ಅಲ್ಲ. ಅದನ್ನ ನಂಬ್ಕೊಂಡು ಬೆಂಗಳೂರು ತನಕ ಬರ್ಬೇಡಿ.

ಈಗ ಅಮ್ಮನ ಹೆಸರು. ಬಾಗಿಲಲ್ಲಿರೋ ಜವಾನ ಮೂರೇ ಮೂರು ನೋಡ್ತಾನೆ, ಟಿಕೆಟಲ್ಲಿ ಇವತ್ತಿನ ತಾರೀಖಾ, ಕಾರ್ಡಿನ ಮುಖ ಎದುರಿಗಿರೋ ಮುಖಾನಾ, ಎರಡರಲ್ಲೂ ಹೆಸರು ಒಂದೇನಾ. ಅವನು ಬಿಹಾರದವನೋ ರಾಜಸ್ಥಾನದವನೋ ಇರ್ತಾನೆ, ನಮ್ಮಲ್ಲಿ ಅವ್ವ ಅಂದ್ರೂ ಅಮ್ಮ ಅಂದ್ರೂ ಒಂದೇ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು ಹೇಳಿ. ಒಂದಕ್ಷರ ಹೆಚ್ಚುಕಮ್ಮಿ ಇದ್ರೆ, ಶಾಂತಕ್ಕೆ ಎಚ್ ಇಲ್ಲ ಅನ್ನೋ ತರದ್ದು, ಸಾಮಾನ್ಯವಾಗಿ ಬಿಡ್ತಾರೆ. 'ಶಾಂತಾ ಎಂ' ಮತ್ತೆ 'ಶಾಂತವ್ವ' ಅಂದ್ರೆ ಅದು ಅವನ ಮರ್ಜಿಗೆ ಬಿಟ್ಟಿದ್ದು, ಅರುವತ್ತೆಂಟರ ಅಮ್ಮನ್ನ ಕರ್ಕೊಂಡು ಬೆಳಗಿನ ಜಾವ ಇನ್ನೊಬ್ಬರ ಮರ್ಜಿ ಮೇಲೆ ನಿಲ್ಲೋದು ಬೇಡ. ಇವತ್ತೇ ಆ ಆ್ಯಪಿನವರಿಗೆ ಫೋನ್ ಮಾಡಿ ಹೆಸರು ತಿದ್ದಿಸಿ. ಏರ್‌ಲೈನ್ಸ್‌ನವರ ವೆಬ್‌ಸೈಟಲ್ಲೇ ಬುಕ್ ಮಾಡಿ 24 ಗಂಟೆ ಒಳಗೆ ತಪ್ಪು ಹೇಳಿದ್ರೆ ತಿದ್ದೋಕೆ ದುಡ್ಡು ತಗೊಳ್ಳೋ ಹಾಗಿಲ್ಲ ಅಂತ ಡಿಜಿಸಿಎ, ಅಂದ್ರೆ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಇಲಾಖೆಯವರ ನಿಯಮ ಇತ್ತು, ನೀವು ಎರಡೂ ತಪ್ಪಿಸ್ಕೊಂಡಿದೀರಿ, ಹಾಗಾಗಿ ಸ್ವಲ್ಪ ದುಡ್ಡು ಕೇಳ್ಬಹುದು, ಕೊಟ್ಟುಬಿಡಿ. ಒಂದೇ ಶಬ್ದದ ಹೆಸರಿದ್ದೋರಿಗೆ ಎರಡೂ ಕಡೆ ಅದೇ ಹೆಸರು ಹಾಕೋ ಪದ್ಧತಿ ಇದೆ, 'ಶಾಂತವ್ವ ಶಾಂತವ್ವ' ಅಂತ. ನೋಡೋಕೆ ಜೋಗುಳ ಹಾಡಿದ ಹಾಗಿರುತ್ತೆ, ಆದ್ರೆ ನಡೆಯುತ್ತೆ. ನಿಮ್ಮ ಏರ್‌ಲೈನ್ಸಲ್ಲಿ ಹೇಗೆ ಹಾಕ್ತಾರೆ ಅಂತ ಅವರನ್ನೇ ಕೇಳಿ ಹಾಕ್ಸಿ.

ಅಕ್ಕಂದು ಸಮಸ್ಯೆನೇ ಅಲ್ಲ. ಟಿಕೆಟ್ ಯಾವ ಹೆಸರಲ್ಲಿದೆಯೋ ಆ ಹೆಸರಿನ ಕಾರ್ಡ್ ಮಾತ್ರ ಕೈಗೆ ಕೊಡಿ, ಇನ್ನೊಂದನ್ನ ಮನೇಲೇ ಬಿಟ್ಟು ಬನ್ನಿ. ಎರಡೂ ತೋರಿಸಿ ತಾವಾಗಿ ತಾವೇ ಗೊಂದಲ ಮಾಡ್ಕೊಂಡೋರನ್ನ ನೋಡಿದೀನಿ.

ಮಕ್ಕಳು. ಅಪ್ಪ-ಅಮ್ಮನ ಜೊತೆ ಹೋಗೋ ಮಕ್ಕಳಿಗೆ ಬೇರೆ ಐಡಿ ಬೇಡ, ಅಮ್ಮನ ಐಡಿ ಸರಿ ಇದ್ರೆ ಸಾಕು. ಆದ್ರೂ ದೊಡ್ಡವನ ಸ್ಕೂಲ್ ಐಡಿ ಇಟ್ಕೊಂಡಿರಿ, ತೂಕ ಏನಿಲ್ವಲ್ಲ. ಸಣ್ಣ ಪಾಪುಗೆ ಮಾತ್ರ ಜನನ ಪ್ರಮಾಣ ಪತ್ರ ತರ್ಲೇಬೇಕು, ಅದು ಗುರುತಿಗಲ್ಲ, ಎರಡು ವರ್ಷದ ಒಳಗಿದೆ ಅಂತ ಕೌಂಟರಲ್ಲಿ ತೋರ್ಸೋಕೆ. ಅದೇ ಇಲ್ಲದೆ ಬಂದು ಕೊನೆಗೆ ಪೂರ್ತಿ ಸೀಟಿನ ದುಡ್ಡು ಕಟ್ಟಿದೋರಿದಾರೆ. ತೊಡೆ ಮೇಲೆ ಕೂತು ಹೋದ್ರೂ ಪಾಪು ಹೆಸರು ಟಿಕೆಟಲ್ಲಿ ಇರ್ಬೇಕು, ಸೇರಿಸಿದೀರಾ ನೋಡ್ಕೊಳ್ಳಿ.

ಹಾಂ, ಅಮ್ಮನಿಗೆ ಮೊಣಕಾಲು ನೋವು ಅಂದ್ರಲ್ಲ, ವೀಲ್‌ಚೇರ್ ಕೇಳಿ. ಎರಡು ದಿನ ಮೊದಲೇ ಹೇಳಿಟ್ರೆ ಬಾಗಿಲಿಂದ ವಿಮಾನದ ತನಕ ಅವರೇ ತಳ್ಕೊಂಡು ಹೋಗ್ತಾರೆ. ಬೆಂಗಳೂರು ಏರ್‌ಪೋರ್ಟಲ್ಲಿ ನಡೆಯೋ ದೂರ ನೋಡಿದ್ರೆ ನಮಗೇ ಕಾಲು ಬೀಳುತ್ತೆ.

ಬಜ್ಪೆ ಬಾವ

ಈ ಹೆಸರಿನ ರಗಳೆ ನಿಮ್ಮ ಕಡೆ ಮಾತ್ರ ಅಂತ ಎಣಿಸ್ಬೇಡಿ ಮಾರಾಯ್ರೆ. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಉಂಟು, ಹೆಸರು ಇನಿಶಿಯಲ್ ಎಲ್ಲ ಗಿವನ್ ನೇಮಲ್ಲೇ ತುರುಕಿದ್ದು. ಹದಿನೈದು ವರ್ಷ ಯಾರೂ ಎಂತ ಕೇಳ್ಲಿಲ್ಲ. 2022ರ ನವೆಂಬರಲ್ಲಿ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂತ ಹೇಳಿದ್ರು ನೋಡಿ, ನಮ್ಮ ಮಂಗಳೂರಿನ ಕಡೆ ಮನೆಮನೆಯಲ್ಲೂ ಗಡಿಬಿಡಿ. ತಂಗಿ ಬಾಣಂತನಕ್ಕೆ ಅಂತ ಅಮ್ಮ ದುಬೈಗೆ ಹೊರಟು ನಿಂತಿದ್ರು, ಅವರದ್ದೂ ಸರ್‌ನೇಮ್ ಖಾಲಿ. ಆಮೇಲೆ ಪಾಸ್‌ಪೋರ್ಟಿನ ಕೊನೆ ಪುಟದಲ್ಲಿ ಅಪ್ಪನದ್ದೋ ಕುಟುಂಬದ್ದೋ ಹೆಸರು ಇದ್ರೆ ಆಗ್ತದೆ ಅಂತ ಸ್ಪಷ್ಟ ಮಾಡಿದ್ರು, ಅಷ್ಟು ಹೊತ್ತಿಗೆ ಅಮ್ಮನಿಗೆ ಹೋಗುವ ಉಮೇದೇ ಇಳಿದಿತ್ತು.

ನನ್ನದೊಂದು ಅನುಭವ ಹೇಳ್ತೇನೆ, ಡೊಮೆಸ್ಟಿಕ್ಕೇ. ಮುಂಬೈಗೆ ಹೋಗ್ಲಿಕ್ಕೆ ಉಂಟು ಅಂತ ಒಬ್ಬ ಏಜೆಂಟನ ಹತ್ರ ಟಿಕೆಟ್ ಮಾಡಿಸಿದ್ದು, ಆ ಪುಣ್ಯಾತ್ಮ ನನ್ನ ಹೆಸರಿನ ಜಾಗಕ್ಕೆ ಅಪ್ಪನ ಹೆಸರು ಹಾಕಿದ್ದಾನೆ, ಅಪ್ಪನ ಹೆಸರಿನ ಜಾಗಕ್ಕೆ ಊರಿನ ಹೆಸರು. ನಾನು ನೋಡ್ಲೇ ಇಲ್ಲ. ಬಾಗಿಲಲ್ಲಿ ಜವಾನ ಡಿಎಲ್ ನೋಡಿದ, ಟಿಕೆಟ್ ನೋಡಿದ, ನನ್ನನ್ನು ನೋಡಿದ, 'ಯೇ ಕೌನ್ ಹೈ' ಅಂತ ಕೇಳಿದ. 'ನನ್ನ ಅಪ್ಪ' ಅಂತ ಹೇಳಿದೆ. 'ತೋ ಉನಕೋ ಭೇಜೋ' ಅಂದ. ಹಿಂದೆ ಲೈನಲ್ಲಿದ್ದವರೆಲ್ಲ ನಗಾಡಿದ್ರು. ಅಲ್ಲೇ ಹೊರಗಿನ ಟಿಕೆಟ್ ಕೌಂಟರಿಗೆ ಓಡಿ, ಅಲ್ಲಿದ್ದ ಹುಡುಗಿ ಪಾಪ ಏಜೆಂಟನಿಗೂ ಫೋನ್ ಮಾಡಿ ಹೇಗೋ ಸರಿ ಮಾಡಿ ಕೊಟ್ಲು, ಎರಡು ಗಂಟೆ ಮೊದಲು ಹೋಗಿದ್ದಕ್ಕೆ ಬಚಾವ್. ಅವತ್ತಿನಿಂದ ಟಿಕೆಟ್ ಮಾಡುವಾಗ ಕಾರ್ಡನ್ನು ಎದುರಿಗೆ ಇಟ್ಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡುದು, ಬಾಯಲ್ಲಿ ಹೇಳುದೇ ಇಲ್ಲ.

ಸುಮ್ನೆ ಒಬ್ಬ

ಇಷ್ಟೆಲ್ಲ ಟೆನ್ಷನ್ ಯಾಕೆ ಗುರು, ನಾನು ಕಲರ್ ಜೆರಾಕ್ಸ್ ಆಧಾರ್ ತೋರಿಸ್ಕೊಂಡೇ ಮೂರ್ ಸಲ ಹೋಗಿದೀನಿ, ಯಾರೂ ಕೇಳಿಲ್ಲ. ಲ್ಯಾಮಿನೇಷನ್ ಮಾಡಿದ್ರೆ ಅವರಿಗೆ ಗೊತ್ತೂ ಆಗಲ್ಲ.

ಕೌಂಟರ್ ಅಕ್ಕ

ಮೂರು ಸಲ ಹೆಲ್ಮೆಟ್ ಇಲ್ಲದೆ ಮನೆ ಮುಟ್ಟಿದೆ ಅಂದ ಹಾಗಾಯ್ತು ಇದು. ಜೆರಾಕ್ಸ್ ಅಂದ್ರೆ ಜೆರಾಕ್ಸ್, ನಿಯಮದ ಪ್ರಕಾರ ನಡೆಯಲ್ಲ. ಆಧಾರ್ ಕೊಡೋ ಯುಐಡಿಎಐ ಸೈಟಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದಿದ್ದು ಬೇರೆ, ಅದು ಇ-ಆಧಾರ್, ಅಂಚೇಲಿ ಬಂದಿದ್ದಕ್ಕೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ ಅಂತ ಯುಐಡಿಎಐನವರೇ ಹೇಳ್ತಾರೆ. ಚಿಗವ್ವನಿಗೆ ಮೊಬೈಲ್ ನಂಬರ್ ಲಿಂಕ್ ಮಾಡಿಸಿಬಿಟ್ರೆ ಒಟಿಪಿ ಬರುತ್ತೆ, ಇ-ಆಧಾರ್ ಇಳಿಸ್ಕೋಬಹುದು. ಊರಿನ ಪೋಸ್ಟ್‌ಮನ್ ಕೇಳಿ, ಅಂಚೆ ಪೇಮೆಂಟ್ಸ್ ಬ್ಯಾಂಕ್ ಕಡೆಯಿಂದ ಅವರು ಮನೆಗೇ ಬಂದು ನಂಬರ್ ಲಿಂಕ್ ಮಾಡ್ಕೊಡ್ತಾರೆ.

ಏನೂ ಆಗ್ಲಿಲ್ಲ ಅಂದ್ರೆ ಕೊನೇ ದಾರಿ ಒಂದಿದೆ, ಗ್ರೂಪ್ ಎ ಗೆಜೆಟೆಡ್ ಅಧಿಕಾರಿ ತಮ್ಮ ಲೆಟರ್‌ಹೆಡ್ಡಲ್ಲಿ ಇವರು ಇಂಥವರು ಅಂತ ಬರೆದು ಫೋಟೋ ಅಂಟಿಸಿ ಅಟೆಸ್ಟ್ ಮಾಡಿಕೊಟ್ರೆ ಅದನ್ನೂ ಒಪ್ತಾರೆ. ಗ್ರೂಪ್ ಎ ಅನ್ನೋದು ನೆನಪಿಟ್ಕೊಳ್ಳಿ, ಪಂಚಾಯ್ತಿ ಸೀಲ್ ಒತ್ತಿಸ್ಕೊಂಡು ಬಂದ್ರೆ ಉಪಯೋಗಿಲ್ಲ.

ಗದಗಿನ ಹುಡುಗ

ಅಕ್ಕಾರ, ನಿಮ್ಮ ಕಾಲಿಗೆ ಬೀಳಬೇಕ್ರಿ. ಹೆಸರು ತಿದ್ದಸಾಕ ಫೋನ್ ಮಾಡೇನಿ, ಆಧಾರ್ ಫೋಟೋ ಕಳಸ್ರಿ ಅಂದಾರ. ಪೋಸ್ಟಮನ್ ಪೈಕಿ ನಮ್ಮ ಓಣ್ಯಾಂವ ಅದಾನ, ಕೇಳತೇನಿ.

ಇನ್ನೊಂದು ಕೇಳೂದಿತ್ತು. ನಮ್ಮ ರೂಮಿನ್ಯಾಗ ಒಬ್ಬ ಹುಡುಗ ಅದಾನ, "ಡಿಜಿಯಾತ್ರಾ ಹಾಕ್ಕೋ, ಮುಖ ತೋರಸಿದ್ರ ಬಾಗಲಾ ತಾನ ತಗೀತೈತಿ, ಯಾವ ಕಾರ್ಡೂ ಬ್ಯಾಡ" ಅಂತಾನ. ಖರೇನಾ? ಅವ್ವನ ಹಂತ್ಯಾಕ ಕೀಪ್ಯಾಡ್ ಫೋನ್ ಐತ್ರಿ.

ನಮ್ಮೆಟ್ರೋ ಪ್ಯಾಸೆಂಜರ್

ಡಿಜಿಯಾತ್ರಾ ಬಗ್ಗೆ ನಾನು ಹೇಳ್ತೀನಿ, ತಿಂಗಳಿಗೆರಡು ಸಲ ಓಡಾಡ್ತೀನಿ. 2022ರ ಡಿಸೆಂಬರ್ 1ಕ್ಕೆ ಮೊದಲು ಶುರುವಾಗಿದ್ದೇ ಮೂರು ಏರ್‌ಪೋರ್ಟಲ್ಲಿ, ದೆಹಲಿ, ಬೆಂಗಳೂರು, ವಾರಾಣಸಿ. ಅಂದ್ರೆ ನಿಮ್ಮ ಎರಡೂ ಕಡೆ ಇದೆ. ಆ್ಯಪಲ್ಲಿ ಆಧಾರ್ ನಂಬರ್ ಹಾಕಿ ಲಿಂಕ್ ಆಗಿರೋ ಫೋನಿಗೆ ಒಟಿಪಿ ಬಂದು ಸೆಲ್ಫಿ ತೆಗ್ದು ಒಂದು ಸಲ ರಿಜಿಸ್ಟರ್ ಮಾಡ್ಕೋಬೇಕು, ಆಮೇಲೆ ಪ್ರತಿ ಸಲ ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸನ್ನ ಆ್ಯಪಿಗೆ ಹಾಕಿ ಏರ್‌ಪೋರ್ಟಿಗೆ ಶೇರ್ ಮಾಡ್ಬೇಕು, ಇದನ್ನ ಮರೆತು ಹೋಗಿ ಕ್ಯಾಮರಾ ಮುಂದೆ ನಿಂತು ಮುಖ ಮೇಲೆ ಕೆಳಗೆ ಮಾಡೋ ಜನ ದಿನಾ ಸಿಗ್ತಾರೆ. ಎಲ್ಲ ಸರಿ ಇದ್ರೆ ಐದು ಸೆಕೆಂಡಲ್ಲಿ ಒಳಗೆ.

ಆದ್ರೆ ಅಮ್ಮನಿಗೆ ಇದರ ಗೊಡವೆ ಬೇಡ ಬ್ರೋ. ನೀವು ಡಿಜಿಯಾತ್ರಾ ಬಾಗಿಲಲ್ಲಿ ಹೋಗಿ ಅವರು ಇನ್ನೊಂದು ಬಾಗಿಲಲ್ಲಿ ನಿಂತ್ರೆ ಅವರನ್ನ ಯಾರು ನೋಡ್ಕೋತಾರೆ? ಎಲ್ಲರೂ ಸೇರಿ ಮಾಮೂಲಿ ಲೈನಲ್ಲೇ ಹೋಗಿ, ಇದೇನು ಕಡ್ಡಾಯ ಅಲ್ಲ. ಡಿಜಿಯಾತ್ರಾ ಇದ್ರೂ ಜೇಬಲ್ಲಿ ಐಡಿ ಇರ್ಬೇಕು, ಯಾವಾಗ ಬೇಕಾದ್ರೂ ಕೇಳ್ಬಹುದು.

ಇನ್ನೊಂದು, ಫೋನಲ್ಲಿ ತೋರಿಸೋದಾದ್ರೆ ಎಂ-ಆಧಾರ್ ಅಥವಾ ಡಿಜಿಲಾಕರ್ ಆ್ಯಪನ್ನ ಅವರೆದುರಿಗೇ ಓಪನ್ ಮಾಡಿ ತೋರಿಸ್ಬೇಕು, ಗ್ಯಾಲರಿಲಿರೋ ಫೋಟೋ, ವಾಟ್ಸಾಪಲ್ಲಿ ತಂಗಿ ಕಳಿಸಿದ್ದು ಇದೆಲ್ಲ ನಡೆಯಲ್ಲ. ಮನೇಲಿ ವೈಫೈ ಇದ್ದಾಗಲೇ ಲಾಗಿನ್ ಆಗಿ ಇಟ್ಕೊಳ್ಳಿ. ಏರ್‌ಪೋರ್ಟ್ ಬಾಗಿಲಲ್ಲಿ ಒಟಿಪಿ ಕಾಯ್ತಾ ನಿಂತ ಮನುಷ್ಯನಷ್ಟು ಅನಾಥ ಇನ್ನೊಬ್ಬ ಇಲ್ಲ. ಮತ್ತೆ ಟಿಕೆಟಲ್ಲಿ ಟರ್ಮಿನಲ್ ಒಂದೋ ಎರಡೋ ನೋಡ್ಕೊಂಡು ಕ್ಯಾಬ್ ಬುಕ್ ಮಾಡಿ, ತಪ್ಪು ಟರ್ಮಿನಲ್ಲಿಗೆ ಇಳಿದು ಲಗೇಜು, ಅಮ್ಮ, ಮಕ್ಕಳು ಎಲ್ಲ ಕಟ್ಕೊಂಡು ಇನ್ನೊಂದಕ್ಕೆ ಹೋಗೋದು ಬೇಡ.

ಧಾರವಾಡದ ಮಾಸ್ತರ್

ಕಾಗದಪತ್ರದ ಮಾತು ಎಲ್ಲಾರೂ ಹೇಳ್ಯಾರ, ನಾ ಗಂಟುಮೂಟಿ ಮಾತು ಹೇಳತೇನಿ. ಎರಡು ವರ್ಷದ ಹಿಂದ ನಾನೂ ನಮ್ಮ ಮನಿಯವರೂ ಕಾಶಿಗೆ ಹೋಗಿದ್ವಿ. ನಮ್ಮ ಕಡೆ ಹೆಣ್ಣಮಕ್ಕಳು ಕಾಶಿಗೆ ಹೊಂಟ್ರ ದೇವರ ಸಾಮಾನ ಅರ್ಧಾ ಚೀಲ ಕಟ್ಟತಾರ, ಅದರಾಗಿಂದ ಅರ್ಧಾ ಸೆಕ್ಯುರಿಟಿಯೊಳಗ ಹೊರಗ ಬರತಾವು.

ಕಡ್ಡಿಪೆಟ್ಟಿಗಿ, ಲೈಟರ್ ಎಲ್ಲೂ ಇಡಬ್ಯಾಡ್ರಿ, ಕೈಚೀಲದಾಗೂ ಇಲ್ಲ, ಲಗೇಜಿನ್ಯಾಗೂ ಇಲ್ಲ. ಕರ್ಪೂರನೂ ಹಂಗ, ಬೆಂಕಿ ಹತ್ತೂ ವಸ್ತು. ಒಣಕೊಬ್ಬರಿ ಬಟ್ಟಲಾ ಉಡಿ ತುಂಬಾಕ ಬೇಕಂತ ಒಯ್ತಾರ, ಅದನ್ನೂ ಲಗೇಜಿನ್ಯಾಗ ಹಾಕಂಗಿಲ್ಲ, ಅದರಾಗ ಎಣ್ಣಿ ಅಂಶ ಭಾಳ, ಕಾವು ಕೂತ್ರ ತಾನಾ ಹತ್ತಿಕೊಳ್ಳತೈತಿ ಅಂತ ನಿಷೇಧ ಐತಿ. ನಮ್ಮ ಮನಿಯವರು ಕೇಳಲಿಲ್ಲ, ಐದು ಬಟ್ಟಲಾ ಸೀರಿ ನಡಕ ಸುತ್ತಿ ಇಟ್ಟಿದ್ರು, ಲಗೇಜ್ ತಗಸಿ ಎಲ್ಲಾರ ಮುಂದ ಸೀರಿ ಬಿಚ್ಚಿ ತಗದ್ರು. ಕಾಯಿ, ಕರ್ಪೂರ ಎಲ್ಲಾ ಕಾಶ್ಯಾಗ ಸಿಗತಾವ್ರಿ, ಕಾಶಿಯೊಳಗ ಕರ್ಪೂರಕ್ಕ ಬರಗಾಲೇನು!

ಉಪ್ಪಿನಕಾಯಿ, ಚಟ್ನಿಪುಡಿ, ತುಪ್ಪಾ ಇವು ಲಗೇಜಿಗೆ ಹೋಗಲಿ, ಖಡಕ್ ರೊಟ್ಟಿ ಶೇಂಗಾ ಹೋಳಿಗಿ ಕೈಚೀಲದಾಗ ನಡೀತಾವು. ಫೋನ್ ಚಾರ್ಜ್ ಮಾಡೂ ಪವರ್ ಬ್ಯಾಂಕ್ ಅದಕ್ಕ ಉಲ್ಟಾ, ಅದು ಕೈಚೀಲದಾಗ ಇರಬೇಕು, ಲಗೇಜಿನ್ಯಾಗ ಹಾಕಿದ್ರ ಹೆಸರು ಹಿಡದು ಕರೀತಾರ. ಬರೂಮುಂದ ಗಂಗಾಜಲ ತುಂಬಿದ ತಂಬಿಗಿ ಛಲೋತ್ನಾಗ ಸೀಲ್ ಆಗಿರಲಿ, ಪ್ಲಾಸ್ಟಿಕ್ ಚೀಲದಾಗ ಹಾಕಿ ಧೋತರದಾಗ ಸುತ್ತಿ ಲಗೇಜಿಗೆ ಹಾಕ್ರಿ.

ಇನ್ನ ಎಲಿ-ಅಡಿಕಿ ಚಂಚಿ. ನಿಮ್ಮ ಅವ್ವ, ಚಿಗವ್ವ ಇಬ್ಬರಲ್ಲಿ ಒಬ್ಬರರ ಚಂಚಿ ಇಟ್ಟೇ ಇಟ್ಟಿರತಾರ, ಅದರೊಳಗ ಅಡಕೊತ್ತು ಇದ್ದೇ ಇರತೈತಿ. ಅದು ಹರಿತ ಸಾಮಾನ, ಮೊದಲ ತಗದು ಲಗೇಜಿಗೆ ಹಾಕ್ರಿ. ಸುಣ್ಣದ ಡಬ್ಬಿಗೆ ಯಾರೂ ಏನೂ ಅನ್ನಂಗಿಲ್ಲ, ತಗದು ನೋಡಿ ಕೊಡತಾರ.

ಹೆಣ್ಣಮಕ್ಕಳನ್ನ ತಪಾಸಣಿ ಮಾಡೂದು ಹೆಣ್ಣ ಪೊಲೀಸರ, ಪರದೆ ಒಳಗ. ಅವ್ವಾರಿಗೆ ಮೊದಲ ಹೇಳಿ ಇಡ್ರಿ, ಇಲ್ಲಾಂದ್ರ ಮೈಮ್ಯಾಲೆ ಕೈ ಆಡಸಿದ ಕೂಡ್ಲೆ "ಯಾಕವಾ, ನಾ ಏನ್ ಕದ್ದೇನಿ" ಅಂತ ಸಿಟ್ಟಿಗೇಳತಾರ. ನಮ್ಮ ಮನಿಯವರಿಗೆ ಮೊಣಕಾಲಿನ್ಯಾಗ ಆಪರೇಷನ್ ಆಗಿ ಸ್ಟೀಲ್ ಹಾಕ್ಯಾರ, ಯಂತ್ರ ಕೂಗೂದು ನಿಂದ್ರಲಿಲ್ಲ. ಡಾಕ್ಟರ ಚೀಟಿ ಇತ್ತು, ತೋರಿಸಿದ್ವಿ, ಆದ್ರೂ ಕೈಯಾಗಿನ ಯಂತ್ರಲೆ ಒಮ್ಮೆ ನೋಡೇ ಬಿಟ್ರು.

ಕಾಶ್ಯಾಗ ಇಳಕೊಳ್ಳೂದು ಎಲ್ಲಿ? ನಮ್ಮ ಕಡೆಯವರು ಭಾಳ ಮಂದಿ ಜಂಗಮವಾಡಿ ಮಠಕ್ಕ ಹೋಗತಾರ, ಕನ್ನಡ ಕಿವಿಗೆ ಬೀಳತೈತಿ. ಎಲ್ಲಿ ಇಳಕೊಂಡ್ರೂ ಐಡಿ ಕೇಳತಾರ, ಒಂದೊಂದು ಜೆರಾಕ್ಸ್ ಅದಕ್ಕ ಬೇಕಾಗತಾವು. ಹೊಳ್ಳಿ ಬರೂಮುಂದ ಏರ್‌ಪೋರ್ಟ್ ಊರಾಗಿಲ್ಲ, ಬಾಬತಪುರದಾಗ ಐತಿ, ಇಪ್ಪತ್ತೈದು ಕಿಲೋಮೀಟರ್ ಹತ್ತರ. ಗೊದೌಲಿಯಾ ಕಡೆ ಗದ್ದಲದಾಗ ಸಿಕ್ಕೊಂಡ್ರ ಕಾಶಿ ವಿಶ್ವನಾಥನೂ ಕಾಪಾಡಂಗಿಲ್ಲ.

ಹಾಸನದ ಹುಡುಗಿ

ನಡುವೆ ಬಾಯಿ ಹಾಕ್ತಿದೀನಿ ಸಾರಿ. ನಮ್ಮತ್ತೆ ಮಾವ ಕಾಶಿ ಮುಗಿಸ್ಕೊಂಡು ಪಶುಪತಿನಾಥಕ್ಕೂ ಹೋಗ್ಬೇಕು ಅಂತಿದಾರೆ, ಕಠ್ಮಂಡುಗೆ ಫ್ಲೈಟಲ್ಲಿ. ನೇಪಾಳಕ್ಕೆ ಆಧಾರ್ ಸಾಕು ಅಂತ ಯಾರೋ ಹೇಳಿದ್ರು, ಮಾವನಿಗೆ 71, ಅತ್ತೆಗೆ 62.

ಕೌಂಟರ್ ಅಕ್ಕ

ಮಾವನಿಗೆ ಸಾಕು, ಅತ್ತೆಗೆ ಸಾಲಲ್ಲ. ನೇಪಾಳಕ್ಕೆ ನಾವು ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ತೋರಿಸ್ಬೇಕು, ವೀಸಾ ಬೇಡ ಅಷ್ಟೇ. ಆಧಾರ್ ನಡೆಯೋದು 15ರ ಒಳಗಿನವರಿಗೆ ಮತ್ತೆ 65 ದಾಟಿದವರಿಗೆ, 2019ರಲ್ಲಿ ಗೃಹ ಸಚಿವಾಲಯದವರು ಹಾಗೆ ಹೇಳಿದ್ರು. ಅತ್ತೆಯವರ ವೋಟರ್ ಕಾರ್ಡ್ ಈಗಲೇ ಹುಡುಕಿಸಿ ಇಡಿ, ಹೆಸರು ಟಿಕೆಟ್ ತರಾನೇ ಇದೆಯಾ ನೋಡಿ. ಮಾವನಿಗೂ ಇದ್ರೆ ಅದನ್ನೇ ಕೊಡಿ, ಇಬ್ಬರಿಗೂ ಒಂದೇ ತರದ ಕಾರ್ಡ್ ಇದ್ರೆ ಕೌಂಟರಲ್ಲಿ ಮಾತು ಕಮ್ಮಿ.

ಗದಗಿನ ಹುಡುಗ

ಎಲ್ಲಾರಿಗೂ ಶರಣ್ರೀ, ಹೋಗಿ ಬಂದ್ವಿ. ನಿನ್ನೆ ರಾತ್ರಿ ಬೆಂಗಳೂರಿಗೆ ಇಳದ್ವಿ, ಇವತ್ತ ಅವ್ವನ್ನ ಊರ ಬಸ್ಸಿಗೆ ಹತ್ತಸಿ ಬಂದು ಬರ್ಯಾಕತ್ತೇನಿ.

ಅವ್ವನ ಹೆಸರು 'ಶಾಂತವ್ವ ಶಾಂತವ್ವ' ಅಂತ ತಿದ್ದಿ ಕೊಟ್ರು, ರೊಕ್ಕಾ ತಗೊಂಡ್ರು, ಇರಲಿ. ಬಾಗಲದಾಗ ಜವಾನ ನೋಡಿದಾಂವ "ಡಬಲ್ ಶಾಂತವ್ವ" ಅಂತ ನಕ್ಕು ಒಳಗ ಬಿಟ್ಟ. ಅವ್ವಗ ಅದು ತಿಳದು, ಕಾಶಿ ತನಕ ಎಲ್ಲಾರಿಗೂ "ನಾ ಡಬಲ್ ಟಿಕೀಟಿನಾಕಿ" ಅಂತ ಹೇಳಕೋತ ಬಂದ್ಲು. ವೀಲ್‌ಚೇರ್ ಬ್ಯಾಡ ಬ್ಯಾಡ ಅಂದಾಕಿ ಕೂತ ಮ್ಯಾಲೆ ಇಳೀವಲ್ಲಳು.

ಚಿಗವ್ವಂದು ಪೋಸ್ಟಮನ್ ಮನಿಗೇ ಬಂದು ಮಾಡಿದಾ, ಆದ್ರ ಬೆರಳಚ್ಚು ಕೂಡವಲ್ದು. ಹತ್ತಿ ಬಿಡಿಸಿ ಬಿಡಿಸಿ ಬೆರಳಿನ ಗೆರಿ ಎಲ್ಲಾ ಸವದಾವ್ರಿ. ಕೈ ತೊಳಸಿ, ಒರಸಿ, ಒಂದೊಂದ ಬೆರಳು ಇಟ್ಟು ನೋಡಿ, ಕಡೀಕ ಎಡಗೈ ಉಂಗುರಬೆರಳಿಗೆ ಹಸರ ಲೈಟ್ ಬಂತು. ನಂಬರ್ ಲಿಂಕ್ ಆಗಾಕ ಐದು ದಿನ ಹಿಡೀತು. ಆಮ್ಯಾಲೆ ಇ-ಆಧಾರ್ ಇಳಿಸಿದ್ರ ಪಾಸ್‌ವರ್ಡ್ ಕೇಳತೈತಿ, ಹೆಸರಿನ ಮೊದಲ ನಾಕು ಇಂಗ್ಲಿಷ್ ಅಕ್ಷರ ದೊಡ್ಡವು, ಮುಂದ ಹುಟ್ಟಿದ ವರ್ಷ ಹಾಕಬೇಕಂತ. ಆಕಿ ಹುಟ್ಟಿದ ವರ್ಷ ಆಕಿಗೂ ಗೊತ್ತಿಲ್ಲ, "ದೊಡ್ಡ ಬರಾ ಬಿದ್ದ ಮರುವರ್ಷ" ಅಂತಾಳ. ಪುಣ್ಯಾಕ ಹಳೇ ಜೆರಾಕ್ಸಿನ್ಯಾಗ ಇತ್ತು. ಜೆರಾಕ್ಸ್ ಅದಕ್ಕರ ಉಪಯೋಗ ಆತು ನೋಡ್ರಿ.

ಸಣ್ಣಾಕಿ ಜನನ ಪತ್ರ ಎರಡೂ ಕಡೆ ಕೇಳಿದ್ರು. ದೊಡ್ಡಾಂವನ ಸ್ಕೂಲ್ ಐಡಿ ಯಾರೂ ಕೇಳಲಿಲ್ಲ, ಆಂವ ಕೊಳ್ಳಾಗ ಹಾಕ್ಕೊಂಡು ಎಲ್ಲಾ ಪೊಲೀಸರ ಮುಂದ ಹಿಡಕೊಂಡು ನಿಂದರತಿದ್ದ.

ಮಾಸ್ತರ, ನೀವು ಹೇಳಿದ್ದು ಒಂದ್ ಮಾತು ತಪ್ಪಿತ್ರಿ, ಚಂಚಿ ಇಬ್ಬರ ಹಂತ್ಯಾಕೂ ಇತ್ತು. ಅವ್ವನ ಚಂಚಿ ನಾ ಕೈ ಹಾಕಿ ತಪಾಸ ಮಾಡಿದ್ದೆ, ಚಿಗವ್ವ ತನ್ನ ಚಂಚಿ ಸೊಂಟಕ್ಕ ಸಿಗಸಿಕೊಂಡದ್ದು ನನಗ ಗೊತ್ತಾಗಲಿಲ್ಲ. ಲಗೇಜ್ ಕೊಟ್ಟ ಮ್ಯಾಲೆ ಸೆಕ್ಯುರಿಟಿಯೊಳಗ ಟ್ರೇದಾಗ ಹಾಕಿದ್ರ ಅಡಕೊತ್ತು ಸ್ಕ್ರೀನ್ ಮ್ಯಾಲೆ ಬಾಯಿ ತಕ್ಕೊಂಡು ಕಾಣತೈತಿ. ಆಕಿ ಅತ್ತಿ ಕೊಟ್ಟದ್ದಂತ, ನಲವತ್ತು ವರ್ಷದ್ದು. ನಾ ಕೈ ಮುಗದು ಕೇಳಿದೆ, ಆಗಂಗಿಲ್ಲ ಅಂದ್ರು, ಒಳಗ ಒಯ್ಯಾಕ ಇಲ್ಲ, ಬೇಕಾದ್ರ ಹೊರಗ ಹೋಗಿ ಯಾರ ಕೈಯಾಗರ ಕೊಟ್ಟು ಬಾ ಅಂದ್ರು. ನಮ್ಮನ್ನ ಬಿಡಾಕ ಬಂದಿದ್ದ ರೂಮಿನ ಹುಡುಗ ಇನ್ನೂ ಪಾರ್ಕಿಂಗ್‌ನ್ಯಾಗ ಚಾ ಕುಡಿಯಾಕತ್ತಿದ್ದ, ಫೋನ್ ಮಾಡಿ ಕರಸಿ, ಪೊಲೀಸರಿಗೆ ಕೇಳಿಕೊಂಡು ಹೊಳ್ಳಿ ಬಾಗಲಕ್ಕ ಓಡಿ ಕೊಟ್ಟು ಬಂದೆ, ಬೋರ್ಡಿಂಗ್ ಮುಗಿಯಾಕ ಹತ್ತ ನಿಮಿಷ ಇತ್ತು.

ಚಿಗವ್ವ ವಿಮಾನದಾಗ ಕಿಡಕಿ ಕಡೆನೂ ನೋಡಲಿಲ್ಲ, ಅಡಿಕಿ ಇಡೀದ ಬಾಯಾಗ ಹಾಕ್ಕೊಂಡು ಕೂತಿದ್ಲು. ಕಾಶ್ಯಾಗ ವಿಶ್ವನಾಥನ ಗಲ್ಲ್ಯಾಗ ಒಂದು ಹಿತ್ತಾಳಿದು ಕೊಡಸಿದೆ, ಅಲ್ಲೆ ಅದಕ್ಕ ಸರೋತಾ ಅಂತಾರ. ಬರೂಮುಂದ ನಾ ಹೇಳೂಕಿಂತ ಮೊದಲ ಅದನ್ನ ಗಂಗಾಜಲದ ತಂಬಿಗಿ ಮಗ್ಗಲಕ ದೊಡ್ಡ ಬ್ಯಾಗಿನ್ಯಾಗ ಇಟ್ಟು ಜಿಪ್ ಎಳದಿದ್ಲು. ಹಳೇದು ಇನ್ನೂ ನನ್ನ ರೂಮಿನ್ಯಾಗ ಐತಿ, ಮುಂದಿನ ವಾರ ಊರಿಗೆ ಬಸ್ಸಿನ್ಯಾಗ ಒಯ್ಯಬೇಕು.